ಗಾಜಿಗೂ ಲೋಹಕ್ಕೂ ನಂಟು ಬೆಳೆಸಿದ ದೀಪ



ವಿದ್ಯುತ್ ಬಲ್ಬ್ ಎಂದೊಡನೆ ನಿಮಗೆ ನೆನಪಾಗುವ ಹೆಸರು ಥಾಮಸ್ ಆಲ್ವಾ ಎಡಿಸನ್. ಅವರು ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಿಯೋ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಶಾಲೆಗೆ ಹೋದದ್ದು ಕೆಲವೇ ತಿಂಗಳು. ಮನೆಯಲ್ಲಿ ಪಾಠ ಹೇಳಿಕೊಟ್ಟವರು ತಾಯಿ ನ್ಯಾನ್ಸಿ. ಬಾಲಕನಾಗಿದ್ದಾಗಲೇ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರಿದರು. ಕಿವಿ ಸರಿಯಾಗಿ ಕೇಳಿಸದಿದ್ದರೂ ಟೆಲಿಗ್ರಾಫ್ ಕೆಲಸ ಕಲಿತರು. 1876ರಲ್ಲಿ ಮೆನ್ಲೋ ಪಾರ್ಕ್‌ನಲ್ಲಿ ಪ್ರಯೋಗಾಲಯ ಕಟ್ಟಿದರು.

1878ರಲ್ಲಿ ಅವರು ವಿದ್ಯುತ್ ದೀಪದ ಕೆಲಸಕ್ಕೆ ಕೈ ಹಾಕಿದರು. ಇಂಗ್ಲೆಂಡಿನ ಜೋಸೆಫ್ ಸ್ವಾನ್ ಅವರೂ ಇದೇ ಪ್ರಯತ್ನದಲ್ಲಿದ್ದರು. ತೆಳುವಾದ ಇಂಗಾಲದ ಎಳೆಯಲ್ಲಿ ವಿದ್ಯುತ್ ಹರಿದರೆ ಅದು ಕಾದು ಬೆಳಗುತ್ತದೆ. ಆದರೆ ಗಾಳಿಯ ಆಮ್ಲಜನಕ ಸೋಕಿದರೆ ಉರಿದುಹೋಗುತ್ತದೆ. ಆದ್ದರಿಂದ ಎಳೆಯನ್ನು ಗಾಜಿನ ಬುರುಡೆಯಲ್ಲಿಟ್ಟು ಗಾಳಿಯನ್ನು ಹೊರತೆಗೆಯಬೇಕು.

ಈಗ ನೀವೇ ಯೋಚಿಸಿ. ವಿದ್ಯುತ್ ಒಳಗೆ ಹೋಗಲು ತಂತಿಯು ಗಾಜನ್ನು ದಾಟಲೇಬೇಕಲ್ಲವೇ? ಅಲ್ಲಿ ಕೂದಲಿನಷ್ಟು ಸಂದಿ ಉಳಿದರೂ ಗಾಳಿ ನುಗ್ಗುತ್ತದೆ, ದೀಪ ಕೆಡುತ್ತದೆ! ಸಾಮಾನ್ಯ ಬೆಸುಗೆ ಗಾಜಿಗೆ ಹಿಡಿಯುವುದಿಲ್ಲ. ಹಾಗಾಗಿ ಗಾಜನ್ನೇ ಕಾಯಿಸಿ, ಮೆತ್ತಗಾದಾಗ ತಂತಿಯ ಸುತ್ತ ಒತ್ತಬೇಕು.

ಯಾವ ತಂತಿ? 1 ಮೀಟರ್ ಉದ್ದದ ತಾಮ್ರದ ತಂತಿಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 1.7 ಮಿಲಿಮೀಟರ್ ಹಿಗ್ಗುತ್ತದೆ. ಬಲ್ಬಿನ ಗಾಜು ಹಿಗ್ಗುವುದು ಸುಮಾರು ಅದರ ಅರ್ಧದಷ್ಟು ಮಾತ್ರ. ತಣಿಯುವಾಗ ತಾಮ್ರ ಹೆಚ್ಚು ಕುಗ್ಗಿ ಗಾಜಿನಿಂದ ಬಿಟ್ಟುಕೊಳ್ಳುತ್ತದೆ, ಇಲ್ಲವೇ ಗಾಜು ಬಿರುಕು ಬಿಡುತ್ತದೆ. ಪ್ಲಾಟಿನಂ ಮಾತ್ರ ಗಾಜಿನಷ್ಟೇ, ಅಂದರೆ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಎಡಿಸನ್ ಆರಿಸಿಕೊಂಡದ್ದು ಅದನ್ನೇ.

ಗಾಜು ಊದುವ ಕೆಲಸಕ್ಕೆ 1879ರಲ್ಲಿ ಲುಡ್ವಿಗ್ ಬೋಹ್ಮ್ ಎಂಬ ಕುಶಲಕರ್ಮಿ ಬಂದರು. ಆ ವರ್ಷದ ಅಕ್ಟೋಬರಿನಲ್ಲಿ, ಸುಟ್ಟು ಇಂಗಾಲವಾಗಿಸಿದ ಹತ್ತಿ ನೂಲು ಬುರುಡೆಯೊಳಗೆ ಗಂಟೆಗಟ್ಟಲೆ ಬೆಳಗಿತು. 1880ರ ಜನವರಿಯಲ್ಲಿ ಪೇಟೆಂಟ್ ದೊರೆಯಿತು. ಮುಂದೆ ಜಪಾನಿನ ಬಿದಿರಿನ ಎಳೆ ಇನ್ನೂ ಹೆಚ್ಚು ಕಾಲ ಬಾಳಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು 1905ರಲ್ಲಿ.

ಆದರೆ ಪ್ಲಾಟಿನಂ ಬಲು ದುಬಾರಿ. 1910ರ ದಶಕದಲ್ಲಿ ಇತರರು ಕಬ್ಬಿಣ–ನಿಕ್ಕಲ್ ಮಿಶ್ರಲೋಹದ ತಂತಿಗೆ ತಾಮ್ರದ ಹೊದಿಕೆ ಕೊಟ್ಟರು. ಒಳಗಿನ ಮಿಶ್ರಲೋಹ ಹಿಗ್ಗುವುದನ್ನು ತಡೆಯಿತು. ಹೊರಗಿನ ತಾಮ್ರ ಗಾಜಿಗೆ ಚೆನ್ನಾಗಿ ಅಂಟಿತು. ದೀಪ ಅಗ್ಗವಾಗಿ ಸಾಮಾನ್ಯರ ಮನೆಗೂ ಬಂತು. ಎಡಿಸನ್ 1931ರ ಅಕ್ಟೋಬರ್ 18ರಂದು ನಿಧನರಾದರು.

ಮಾಡಿ ನೋಡಿ: ಕಾಣಿಯೂರು, ಪುತ್ತೂರು ಕಡೆಯ ಹಳೆಯ ಮನೆಗಳಲ್ಲಿ ಫ್ಯೂಸ್ ಆದ ಬುರುಡೆ ಬಲ್ಬ್ ಇನ್ನೂ ಸಿಗಬಹುದು. ಹಿರಿಯರ ಎದುರಿನಲ್ಲೇ, ಒಡೆಯದೆ ಪರೀಕ್ಷಿಸಿ. ಹೋಲ್ಡರ್‌ಗೆ ಸಿಕ್ಕಿಸುವ ಬುಡದಲ್ಲಿ ಬೆಸುಗೆಯ ಎರಡು ಚುಕ್ಕೆಗಳಿವೆ. ಒಳಗೆ ಎರಡು ತಂತಿಗಳು ಗಾಜನ್ನು ದಾಟುವ ಜಾಗವನ್ನು ಗುರುತಿಸಿ, ಚಿತ್ರ ಬರೆಯಿರಿ. ದೀಪದ ಆಯುಷ್ಯ ನಿಂತಿದ್ದದ್ದು ಆ ಪುಟ್ಟ ಜಾಗದ ಮೇಲೆ!