ಡ್ರಾಕುಲನ ಹಿಂದೆ ಮರೆಯಾದವನು

ತಾವು ನಿರ್ಮಿಸಿದ ಪಾತ್ರಗಳ ನೆರಳಿನಲ್ಲಿ ತಾವೇ ಮರೆಯಾಗಿಹೋದ ಲೇಖಕರು ಸಾಹಿತ್ಯ ಪ್ರಪಂಚದಲ್ಲಿ ಕೆಲವರುಂಟು. ಅಂಥವರ ಸಾಲಿನಲ್ಲಿ ಐರ್ಲೆಂಡಿನ ಬ್ರ್ಯಾಮ್ ಸ್ಟೋಕರನಿಗೆ ಮೊದಲ ಸ್ಥಾನ ಸಲ್ಲಬೇಕೆಂದು ನನ್ನ ಭಾವನೆ. ಕರಿಯ ನಿಲುವಂಗಿ, ಎತ್ತರಿಸಿ ನಿಂತ ಕತ್ತುಪಟ್ಟಿ, ತುಟಿಯಂಚಿನಲ್ಲಿ ಇಣುಕುವ ಕೋರೆಹಲ್ಲು, ಇಷ್ಟನ್ನು ಗೋಡೆಯ ಮೇಲೆ ಗೀಚಿದರೆ ಸಾಕು, ಶಾಲೆಯ ಹುಡುಗನೂ ಅದು ಡ್ರಾಕುಲನೆಂದು ಗುರುತಿಸುತ್ತಾನೆ. ಆ ಡ್ರಾಕುಲನನ್ನು ಲೋಕಕ್ಕೆ ಕೊಟ್ಟವನ ಚಿತ್ರವನ್ನು ತೋರಿಸಿದರೆ ಗುರುತಿಸುವವರು ಬಹು ವಿರಳ. ಚಲಚ್ಚಿತ್ರದ ಭೂತಗಳಿಗೆಲ್ಲ ಜನಪದದಲ್ಲಿ ಬೇರುಂಟೆಂದು ವಿದ್ವಾಂಸರು ಹೇಳುವರು, ಅದು ನಿಜವೇ. ಆದರೆ ಹಳ್ಳಿಯ ಮಸಣದಲ್ಲಿದ್ದ ಈ ಭೂತ ಬೆಳ್ಳಿತೆರೆಗೆ ಬರುವ ಹಾದಿಯಲ್ಲಿ ಒಬ್ಬ ಮನುಷ್ಯನ ಬಾಳನ್ನು ಹಾದು ಬಂದಿತು. ಆ ಬಾಳನ್ನು ಅರಿತ ಮೇಲೆ ಭೂತದ ಮುಖವೂ ನನಗೆ ಬೇರೆಯಾಗಿ ಕಾಣತೊಡಗಿತು.

ಬ್ರ್ಯಾಮ್ ಎಂಬುದು ಏಬ್ರಹಾಮ್ ಎಂಬ ಹೆಸರಿನ ಮೊಟಕು ರೂಪ. ಆತ ಹುಟ್ಟಿದ್ದು 1847ನೆಯ ಇಸವಿ ನವೆಂಬರ್ 8ರಂದು, ಡಬ್ಲಿನ್ ನಗರದ ಅಂಚಿನ ಕ್ಲಾಂಟಾರ್ಫ್‌ನಲ್ಲಿ. ಆಲೂಗೆಡ್ಡೆಯ ಬೆಳೆ ಹೊಲದಲ್ಲಿಯೇ ಕೊಳೆತು, ಹಸಿವಿನಿಂದಲೂ ಜ್ವರದಿಂದಲೂ ಐರ್ಲೆಂಡಿನ ಲಕ್ಷಾಂತರ ಜನ ಮಡಿದ ಮಹಾಕ್ಷಾಮದ ಅತ್ಯಂತ ಕರಾಳ ವರ್ಷವದು. ತಂದೆ ಸರ್ಕಾರಿ ಕಚೇರಿಯ ಗುಮಾಸ್ತೆ. ಏಳು ಮಕ್ಕಳಲ್ಲಿ ಈತ ಮೂರನೆಯವನು. ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಮಗು ಮಾತ್ರ ಹುಟ್ಟಿದಂದಿನಿಂದ ರೋಗಿಷ್ಠ. ಯಾರೂ ಹೆಸರಿಡಲಾಗದ ವ್ಯಾಧಿಯೊಂದು ಅವನನ್ನು ಏಳು ವರ್ಷಗಳವರೆಗೆ ಹಾಸಿಗೆಗೆ ಕಟ್ಟಿಹಾಕಿತು. ಸ್ವಂತ ಕಾಲಿನ ಮೇಲೆ ನೆಟ್ಟಗೆ ನಿಲ್ಲುವುದೆಂದರೇನೆಂಬುದನ್ನು ಅಲ್ಲಿಯವರೆಗೆ ಆತ ಅರಿಯಲಿಲ್ಲ.

ಆ ಹಾಸಿಗೆಯ ಬಳಿ ಕುಳಿತು ತಾಯಿ ಶಾರ್ಲಟ್ ಕಥೆ ಹೇಳುತ್ತಿದ್ದಳು. ಅವಳು ಐರ್ಲೆಂಡಿನ ಪಶ್ಚಿಮ ಕರಾವಳಿಯ ಸ್ಲೈಗೊ ಎಂಬ ಊರಿನವಳು. 1832ರಲ್ಲಿ ಕಾಲರಾ ಮಾರಿ ಆ ಊರಿಗೆ ನುಗ್ಗಿ ಕೆಲವೇ ವಾರಗಳಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಅವಳಿಗೆ ಹದಿನಾಲ್ಕು ವರ್ಷ. ಅವಳು ಹೇಳುತ್ತಿದ್ದುದರಲ್ಲಿ ಐರಿಷ್ ಜನಪದದ ಭೂತಪ್ರೇತಗಳ ಕಥೆಗಳೂ ಇದ್ದವು. ಆದರೆ ಅವುಗಳಿಗಿಂತ ಘೋರವಾಗಿದ್ದವು ಅವಳ ಕಾಲದ ನೆನಪುಗಳು. ರೋಗ ತಗುಲಿದ ದಾರಿಹೋಕನೊಬ್ಬನನ್ನು ಮುಟ್ಟಲಂಜಿದ ಜನ ಉದ್ದನೆಯ ಗಳುಗಳಿಂದ ಅವನನ್ನು ಗುಂಡಿಗೆ ನೂಕಿ, ಉಸಿರಿರುವಾಗಲೇ ಮಣ್ಣು ಮುಚ್ಚಿದರಂತೆ. ಸತ್ತನೆಂದು ತಿಳಿದ ದಾಂಡಿಗ ಸೈನಿಕನೊಬ್ಬನ ದೇಹ ಶವಪೆಟ್ಟಿಗೆಯಲ್ಲಿ ಹಿಡಿಸದಿರಲು, ಕಾಲು ಮುರಿಯಲೆಂದು ಸುತ್ತಿಗೆಯಿಂದ ಹೊಡೆದರೆ ಆ ಏಟಿಗೆ ಅವನು ಎಚ್ಚೆತ್ತು ಎದ್ದು ಕುಳಿತನಂತೆ. ಮಗ ದೊಡ್ಡವನಾದ ಮೇಲೆ, ಅವನ ಕೋರಿಕೆಯಂತೆ, ಶಾರ್ಲಟ್ ಈ ನೆನಪುಗಳನ್ನು ಬರೆದೂ ಕೊಟ್ಟಳು. ಸತ್ತವನು ನಿಜವಾಗಿ ಸತ್ತನೋ ಇಲ್ಲವೋ ಎಂಬ ಸಂಶಯವನ್ನು ಆ ಬಾಲಕ ತಾಯಿಯ ಬಾಯಿಂದ ಕೇಳಿ ಬೆಳೆದನು.

ರೋಗ ಹೇಗೆ ಬಂತೋ ಹಾಗೆಯೇ ಹೋಯಿತು. ಹಾಸಿಗೆ ಹಿಡಿದಿದ್ದ ಮಗು ಎತ್ತರದ, ಕೆಂಪುಗಡ್ಡದ ಕಟ್ಟಾಳಾಗಿ ಬೆಳೆದನು. 1864ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜನ್ನು ಸೇರಿ, ಆಟೋಟಗಳಲ್ಲಿಯೂ ವಾದಸಭೆಗಳಲ್ಲಿಯೂ ಹೆಸರು ಗಳಿಸಿದನು. ಅನಂತರ ತಂದೆಯ ಹಾದಿಯನ್ನೇ ಹಿಡಿದು ಸರ್ಕಾರಿ ಗುಮಾಸ್ತೆಯಾದನು. ಆತನ ಹೆಸರಿನಲ್ಲಿ ಹೊರಬಂದ ಆರಂಭದ ಪುಸ್ತಕಗಳಲ್ಲೊಂದು ಕೆಳಗಿನ ನ್ಯಾಯಾಲಯಗಳ ಗುಮಾಸ್ತರ ಕರ್ತವ್ಯಗಳನ್ನು ಕುರಿತ ಕೈಪಿಡಿ ಎಂದರೆ ವಾಚಕರಿಗೆ ನಗು ಬಂದೀತು. ಹಗಲು ಕಡತ, ಸಂಜೆ ನಾಟಕ. ಸಂಬಳವಿಲ್ಲದೆ 'ಡಬ್ಲಿನ್ ಈವ್ನಿಂಗ್ ಮೇಲ್' ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುತ್ತಿದ್ದನು. ಆ ಪತ್ರಿಕೆಯ ಒಡೆತನದಲ್ಲಿ ಪಾಲು ಹೊಂದಿದ್ದ ಶೆರಿಡನ್ ಲೆ ಫಾನು 1872ರಲ್ಲಿ 'ಕಾರ್ಮಿಲ' ಎಂಬ ಕಥೆಯನ್ನು ಪುಸ್ತಕರೂಪದಲ್ಲಿ ತಂದನು. ರಕ್ತ ಹೀರುವ ಹೆಣ್ಣು ಪಿಶಾಚಿಯ ಕಥೆಯದು.

1876ರಲ್ಲಿ ಸ್ಟೋಕರನ ಬದುಕು ತಿರುವು ಕಂಡಿತು. ಆ ಯುಗದ ಮಹಾನಟ ಹೆನ್ರಿ ಅರ್ವಿಂಗ್ ಡಬ್ಲಿನ್ನಿಗೆ ಬಂದು ಹ್ಯಾಮ್ಲೆಟ್ ಪಾತ್ರವಹಿಸಿದನು. ಸ್ಟೋಕರನ ವಿಮರ್ಶೆಯನ್ನು ಮೆಚ್ಚಿ ಊಟಕ್ಕೆ ಕರೆದು, ಕೊಲೆಗಾರನೊಬ್ಬನ ಪಶ್ಚಾತ್ತಾಪವನ್ನು ವರ್ಣಿಸುವ ಕವಿತೆಯನ್ನು ಆವೇಶದಿಂದ ವಾಚಿಸಿದನು. ಕಟ್ಟಾಳಾದ ಸ್ಟೋಕರ್ ಅದನ್ನು ಕೇಳಿ ತಡೆಯಲಾರದೆ ಉದ್ವೇಗಕ್ಕೆ ಸಿಲುಕಿ ಕುಸಿದುಬಿಟ್ಟನು. ಅಂದಿನಿಂದ ಅರ್ವಿಂಗ್ ಆತನ ಆರಾಧ್ಯದೈವ. 1878ರಲ್ಲಿ ಸರ್ಕಾರಿ ಕೆಲಸಕ್ಕೆ ಶರಣು ಹೊಡೆದು, ಅರ್ವಿಂಗನ ಲೈಸಿಯಮ್ ರಂಗಮಂದಿರದ ವ್ಯವಸ್ಥಾಪಕನಾಗಿ ಲಂಡನ್ನಿಗೆ ಹೊರಟನು. ಹೊರಡುವ ಮುನ್ನ ಡಿಸೆಂಬರ್ 4ರಂದು ಫ್ಲಾರೆನ್ಸ್ ಬಾಲ್ಕೋಂಬಳನ್ನು ಮದುವೆಯಾದನು. ಅವಳ ರೂಪಕ್ಕೆ ಈ ಮೊದಲೇ ಮನಸೋತಿದ್ದವರಲ್ಲಿ ಆಸ್ಕರ್ ವೈಲ್ಡನೂ ಒಬ್ಬ.

ಮುಂದಿನ 27 ವರ್ಷ ಸ್ಟೋಕರ್ ಇನ್ನೊಬ್ಬನ ಕೀರ್ತಿಗಾಗಿ ದುಡಿದನು. ಲೆಕ್ಕಪತ್ರ, ಟಿಕೇಟು, ಅತಿಥಿಸತ್ಕಾರ, ಅಮೆರಿಕದ ಪ್ರವಾಸಗಳ ಏರ್ಪಾಟು, ಅರ್ವಿಂಗನ ಪರವಾಗಿ ದಿನವೂ ಹತ್ತಾರು ಪತ್ರಗಳ ಬರವಣಿಗೆ, ಎಲ್ಲವೂ ಆತನದೇ ಹೊಣೆ. 1895ರಲ್ಲಿ ಅರ್ವಿಂಗನಿಗೆ ಸರ್ ಪದವಿ ಬಂದಿತು; ನಟನೊಬ್ಬನಿಗೆ ಆ ಮನ್ನಣೆ ದೊರೆತದ್ದು ಅದೇ ಮೊದಲು. ಸ್ಟೋಕರನಿಗೆ ದೊರೆತ ಮನ್ನಣೆ ಬೇರೆ ಬಗೆಯದು. 1882ರಲ್ಲಿ ಥೇಮ್ಸ್ ನದಿಗೆ ಹಾರಿದ ಅಪರಿಚಿತನೊಬ್ಬನನ್ನು ಉಳಿಸಲು ಆತನೂ ದೋಣಿಯಿಂದ ಧುಮುಕಿ ಮೇಲೆಳೆದನು. ದೇಹವನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಮಲಗಿಸಿ ಉಪಚರಿಸಿದರೂ ಪ್ರಾಣ ಉಳಿಯಲಿಲ್ಲ. ಆ ಸಾಹಸಕ್ಕೆ ಕಂಚಿನ ಪದಕ ಬಂದಿತು.

ಇಲ್ಲಿ ಕಥೆಯನ್ನು ತುಸು ನಿಲ್ಲಿಸಿ, ಆತ ಕೈಗೆತ್ತಿಕೊಳ್ಳಲಿದ್ದ ಭೂತದ ಪೂರ್ವೋತ್ತರವನ್ನು ಹೇಳಬೇಕು. ಪೂರ್ವ ಯೂರೋಪಿನ ಹಳ್ಳಿಗಳ ವ್ಯಾಂಪೈರ್ ಕೋಟೆಯಲ್ಲಿ ವಾಸಿಸುವ ಸಿರಿವಂತನಾಗಿರಲಿಲ್ಲ. ಅದು ನಿನ್ನೆ ಮೊನ್ನೆ ಸತ್ತ ನೆರೆಮನೆಯ ರೈತ. ಸರ್ಬಿಯದ ಕಿಸಿಲಿಯೆವೊ ಎಂಬ ಹಳ್ಳಿಯಲ್ಲಿ 1725ರಲ್ಲಿ ಒಬ್ಬ ರೈತ ಸತ್ತ ಬಳಿಕ ಕೆಲವೇ ದಿನಗಳಲ್ಲಿ ಮತ್ತಷ್ಟು ಜನ ಸತ್ತರು. ಊರವರು ಗೋರಿ ಅಗೆದು ನೋಡಿದರೆ ದೇಹ ಕೊಳೆತಿರಲಿಲ್ಲ, ಬಾಯಲ್ಲಿ ರಕ್ತವಿತ್ತು. ಎದೆಗೆ ಗೂಟ ನೆಟ್ಟು ಸುಟ್ಟುಹಾಕಿದರು. ಆಸ್ಟ್ರಿಯದ ಅಧಿಕಾರಿಯೊಬ್ಬ ಇದನ್ನು ವರದಿ ಮಾಡಿದನು. 1732ರಲ್ಲಿ ಇಂಥದೇ ಇನ್ನೊಂದು ವರದಿ ಯೂರೋಪಿನಾದ್ಯಂತ ಪತ್ರಿಕೆಗಳಲ್ಲಿ ಹಬ್ಬಿ, ವ್ಯಾಂಪೈರ್ ಎಂಬ ಶಬ್ದ ನಗರಗಳಿಗೆ ಬಂದಿತು. ಈ ಗೋರಿ ಅಗೆಯುವ ಹಾವಳಿಯನ್ನು ತಡೆಯಲು 1755ರಲ್ಲಿ ಸಾಮ್ರಾಜ್ಞಿ ಮರಿಯಾ ತೆರೇಸಾ ಕಾನೂನನ್ನೇ ಹೊರಡಿಸಬೇಕಾಯಿತು. ಶೀತ ಮಣ್ಣಿನಲ್ಲಿ ಹೆಣ ತಡವಾಗಿ ಕೊಳೆಯುತ್ತದೆ, ಒಳಗಿನ ವಾಯುವಿನಿಂದ ಉಬ್ಬುತ್ತದೆ, ಬಾಯಿಂದ ಕೆಂಪು ದ್ರವ ಒಸರುತ್ತದೆ, ಚರ್ಮ ಹಿಂಜರಿದು ಉಗುರು ಬೆಳೆದಂತೆ ತೋರುತ್ತದೆ ಎಂಬುದು ಇಂದು ನಮಗೆ ಗೊತ್ತು. ಅಂಟುರೋಗದ ಗುಟ್ಟನ್ನರಿಯದ ಆ ಬಡಜನಕ್ಕೆ ಒಬ್ಬನ ಸಾವಿನ ಹಿಂದೆಯೇ ಮತ್ತೊಬ್ಬನ ಸಾವು ಏಕೆ ಬರುತ್ತದೆಂಬುದಕ್ಕೆ ಆ ಹೆಣವೇ ಉತ್ತರವಾಯಿತು. ಈ ರೈತಪ್ರೇತಕ್ಕೆ ಸಿರಿವಂತನ ಉಡುಪು ತೊಡಿಸಿದವನು ಕವಿ ಬೈರನ್ನನ ವೈದ್ಯನಾಗಿದ್ದ ಪಾಲಿಡೋರಿ. ಮೇರಿ ಶೆಲ್ಲಿಗೆ ಫ್ರಾಂಕೆನ್‌ಸ್ಟೈನ್ ಹೊಳೆದ 1816ರ ಅದೇ ಬೇಸಗೆಯ ಕೂಟದಲ್ಲಿ ಈತನ ಕಥೆಗೂ ಬೀಜ ಬಿದ್ದಿತು. 1819ರಲ್ಲಿ ಅದು ಅಚ್ಚಾಯಿತು.

ನಮ್ಮ ಬೇತಾಳನೂ ದೂರದಿಂದ ಸ್ಟೋಕರನ ಬಳಿ ಸುಳಿದುಹೋದನೆಂಬುದು ಕನ್ನಡಿಗರಿಗೆ ಸ್ವಾರಸ್ಯವಾಗಿ ತೋರೀತು. ಬೇತಾಳ ಕಥೆಗಳಲ್ಲಿ ಹನ್ನೊಂದನ್ನು ಆರಿಸಿ 1870ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ರಿಚರ್ಡ್ ಬರ್ಟನ್, ಬೇತಾಳನನ್ನು ವ್ಯಾಂಪೈರ್ ಎಂದೇ ಕರೆದಿದ್ದನು. ಲೋಕ ಸುತ್ತಿದ ಈ ಬರ್ಟನ್ ಅರ್ವಿಂಗನ ಭೋಜನಕೂಟಗಳಿಗೆ ಬರುತ್ತಿದ್ದನು. ಮಾತಿನ ಭರದಲ್ಲಿ ಅವನ ತುಟಿ ಮೇಲೆ ಸರಿದು ಕೋರೆಹಲ್ಲು ಕಠಾರಿಯಂತೆ ಹೊಳೆದುದನ್ನು ಸ್ಟೋಕರ್ ಗಮನಿಸಿ ಮುಂದೆ ತನ್ನ ನೆನಪುಗಳಲ್ಲಿ ಬರೆದಿಟ್ಟನು. ಹೆಣದೊಳಗೆ ಸೇರಿ ರಾಜನಿಗೆ ಪ್ರಶ್ನೆ ಹಾಕುವ ನಮ್ಮ ಬೇತಾಳನಿಗೂ ಹೆಣವೇ ಎದ್ದು ಬರುವ ವ್ಯಾಂಪೈರಿಗೂ ಸ್ವಭಾವದಲ್ಲಿ ಬಹಳ ಅಂತರ. ನಮ್ಮವನಿಗೆ ಬೇಕಾದುದು ವಿವೇಕದ ಉತ್ತರ, ಅವನಿಗೆ ಬೇಕಾದುದು ನೆತ್ತರು.

1890ರ ಮಾರ್ಚಿಯಲ್ಲಿ ಸ್ಟೋಕರ್ ಕಾದಂಬರಿಗಾಗಿ ಟಿಪ್ಪಣಿ ಬರೆಯತೊಡಗಿದನು. ಮೊದಲು ಖಳನಿಗಿಟ್ಟ ಹೆಸರು ಕೌಂಟ್ ವ್ಯಾಂಪಿರ್. ಅವನ ನೆಲೆ 'ಕಾರ್ಮಿಲ' ಕಥೆ ನಡೆಯುವ ಸ್ಟೀರಿಯ ಪ್ರಾಂತ. ಆ ವರ್ಷದ ಬೇಸಗೆಯಲ್ಲಿ ಇಂಗ್ಲೆಂಡಿನ ವಿಟ್ಬಿ ಎಂಬ ಕಡಲತೀರದ ಊರಿನಲ್ಲಿ ತಂಗಿದ್ದಾಗ, ಅಲ್ಲಿನ ಪುಸ್ತಕಾಲಯದಲ್ಲಿ ವಿಲ್ಕಿನ್ಸನ್ ಎಂಬಾತ 1820ರಲ್ಲಿ ಬರೆದ ವಲಾಕಿಯ ದೇಶದ ವೃತ್ತಾಂತ ಕೈಗೆ ಸಿಕ್ಕಿತು. ಅದರ ಅಡಿಟಿಪ್ಪಣಿಯೊಂದರಲ್ಲಿ ಡ್ರಾಕುಲ ಎಂದರೆ ಅಲ್ಲಿನ ನುಡಿಯಲ್ಲಿ ಸೈತಾನನೆಂದು ಬರೆದಿತ್ತು. ಹಳೆಯ ಹೆಸರು ಹೋಗಿ ಹೊಸ ಹೆಸರು ನಿಂತಿತು. ಶತ್ರುಗಳನ್ನು ಶೂಲಕ್ಕೇರಿಸಿದ ಹದಿನೈದನೆಯ ಶತಮಾನದ ವ್ಲಾಡ್ ದೊರೆಯೇ ಡ್ರಾಕುಲನೆಂದು ಇಂದು ಪ್ರವಾಸಿಗಳಿಗೆ ಹೇಳುವುದುಂಟು. ಆದರೆ ಸ್ಟೋಕರನ ಟಿಪ್ಪಣಿಗಳಲ್ಲಿ ವ್ಲಾಡ್ ಎಂಬ ಹೆಸರಾಗಲಿ ಶೂಲದ ಮಾತಾಗಲಿ ಇಲ್ಲ. ಟ್ರಾನ್ಸಿಲ್ವೇನಿಯಕ್ಕೆ ಆತ ಒಮ್ಮೆಯೂ ಕಾಲಿಡಲಿಲ್ಲ. ಅಲ್ಲಿನ ಮೂಢನಂಬಿಕೆಗಳನ್ನು ಎಮಿಲಿ ಜೆರಾರ್ಡ್ ಎಂಬ ಮಹಿಳೆ 1885ರಲ್ಲಿ ಬರೆದ ಲೇಖನದಿಂದ ಹೆಕ್ಕಿಕೊಂಡನು. ಅದೇ 1885ರಲ್ಲಿ ವಿಟ್ಬಿಯ ದಡಕ್ಕೆ ಬಡಿದ ದಿಮಿತ್ರಿ ಎಂಬ ರಷ್ಯದ ಹಡಗು ಕಾದಂಬರಿಯಲ್ಲಿ ಡಿಮೀಟರ್ ಆಯಿತು. ಕ್ಷಯದಿಂದ ಮನೆಮಂದಿ ಒಬ್ಬೊಬ್ಬರಾಗಿ ಸಾಯಲು, ಸತ್ತವರ ಗೋರಿ ಅಗೆಯುತ್ತಿದ್ದ ಅಮೆರಿಕದ ಹಳ್ಳಿಗಳನ್ನು ಕುರಿತು 1896ರಲ್ಲಿ ಬಂದ ಪತ್ರಿಕಾ ತುಣುಕನ್ನೂ ಆತ ಟಿಪ್ಪಣಿಗಳ ನಡುವೆ ಇಟ್ಟುಕೊಂಡಿದ್ದನು. ಈ ತುಣುಕನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. ತಾಯಿ ಹೇಳಿದ ಸ್ಲೈಗೊ ಮತ್ತೊಮ್ಮೆ ಅವನ ಕಣ್ಣಮುಂದೆ ಬಂದಿರಬೇಕು.

ಏಳು ವರ್ಷ ಬಿಡುವಿನ ವೇಳೆಯಲ್ಲಿ ಬರೆದ 'ಡ್ರಾಕುಲ' 1897ರ ಮೇ ತಿಂಗಳಲ್ಲಿ ಹಳದಿ ಬಟ್ಟೆಯ ರಟ್ಟು ತೊಟ್ಟು ಹೊರಬಂದಿತು. ನಾಟಕದ ಹಕ್ಕನ್ನು ಕಾಯ್ದುಕೊಳ್ಳಲು ಅದಕ್ಕೆ ಕೆಲವು ದಿನ ಮುನ್ನ ಲೈಸಿಯಮ್ ರಂಗದ ಮೇಲೆ ಅದರ ವಾಚನ ನಡೆಯಿತು. ಅರ್ವಿಂಗ್ ಆ ಪಾತ್ರವನ್ನು ಎಂದೂ ವಹಿಸಲಿಲ್ಲ. ವಿಮರ್ಶಕರು ಸಾಕಷ್ಟು ಮೆಚ್ಚಿದರೂ ಹಣ ಹರಿದುಬರಲಿಲ್ಲ. ವೃದ್ಧೆಯಾಗಿದ್ದ ಶಾರ್ಲಟ್ ಮಾತ್ರ, ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್ ಬಂದಂದಿನಿಂದ ಇದಕ್ಕೆ ಸಮನಾದ ಭಯಾನಕ ಕೃತಿ ಬಂದಿಲ್ಲವೆಂದು ಮಗನಿಗೆ ಬರೆದಳು. ಆ ಭಯದ ಮೂಲವನ್ನು ಅವಳಿಗಿಂತ ಬಲ್ಲವರು ಯಾರು?

ಮುಂದಿನದು ಇಳಿಜಾರು. 1898ರಲ್ಲಿ ಲೈಸಿಯಮ್ಮಿನ ಉಗ್ರಾಣಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ನಾಟಕಗಳ ದೃಶ್ಯಪಟಗಳು ಬೂದಿಯಾದವು. 1902ರಲ್ಲಿ ಅರ್ವಿಂಗ್ ಆ ರಂಗಮಂದಿರವನ್ನು ಬಿಡಬೇಕಾಯಿತು. 1905ರಲ್ಲಿ ಅವನೂ ಕಣ್ಮುಚ್ಚಿದನು. ಸ್ಟೋಕರನಿಗೆ ಪಾರ್ಶ್ವವಾಯು ತಗುಲಿತು. ಆದರೂ ಪ್ರಭುವಿನ ಸ್ಮರಣೆಗಾಗಿ 1906ರಲ್ಲಿ ಎರಡು ಸಂಪುಟಗಳನ್ನು ಬರೆದು ಮುಗಿಸಿದನು. 1911ರಲ್ಲಿ ಬಡ ಲೇಖಕರ ನಿಧಿಗೆ ಅರ್ಜಿ ಹಾಕಿ 100 ಪೌಂಡು ನೆರವು ಪಡೆಯಬೇಕಾಯಿತು. 1912ರ ಏಪ್ರಿಲ್ 20ರಂದು ಆತ ತೀರಿಕೊಂಡನು. ಐದು ದಿನ ಮುಂಚೆಯಷ್ಟೇ ಟೈಟಾನಿಕ್ ಹಡಗು ಮುಳುಗಿತ್ತು. ಲೋಕದ ಕಣ್ಣೆಲ್ಲ ಅತ್ತ ಇದ್ದಿತು. ಮರುವರ್ಷ ಹರಾಜಿನಲ್ಲಿ ಡ್ರಾಕುಲನ ಟಿಪ್ಪಣಿಗಳಿಗೆ ಬಂದ ಬೆಲೆ ಎರಡು ಪೌಂಡಿಗೆ ತುಸು ಹೆಚ್ಚು. ಇಂದು ಅವನ್ನು ಫಿಲಡೆಲ್ಫಿಯದ ವಸ್ತುಸಂಗ್ರಹಾಲಯವೊಂದರಲ್ಲಿ ಜೋಪಾನವಾಗಿ ಇರಿಸಿದ್ದಾರೆ.

ಭೂತದ ನಿಜವಾದ ಜೀವನ ಇಲ್ಲಿಂದ ಮೊದಲಾಯಿತು. 1922ರಲ್ಲಿ ಬರ್ಲಿನ್ನಿನಲ್ಲಿ ಮುರ್ನೌ ಎಂಬ ನಿರ್ದೇಶಕನ 'ನೋಸ್ಫೆರಾಟು' ಎಂಬ ಮೂಕಚಿತ್ರ ತೆರೆಕಂಡಿತು. ಅದನ್ನು ತಯಾರಿಸಿದ ಸಂಸ್ಥೆಯ ಹೆಸರು 'ಪ್ರಾಣ'. ನಮ್ಮ ಸಂಸ್ಕೃತದ ಶಬ್ದವೇ. ಹೆಸರುಗಳನ್ನು ಬದಲಿಸಿ, ಅನುಮತಿ ಪಡೆಯದೆ ಸ್ಟೋಕರನ ಕಥೆಯನ್ನೇ ಅದು ಬಳಸಿಕೊಂಡಿತ್ತು. ಪುಸ್ತಕದ ಅಲ್ಪ ಗೌರವಧನವನ್ನೇ ನೆಚ್ಚಿದ್ದ ವಿಧವೆ ಫ್ಲಾರೆನ್ಸ್ ದಾವೆ ಹೂಡಿದಳು. ಸಂಸ್ಥೆ ದಿವಾಳಿಯೆದ್ದಿತು, ಹಣ ಕೈಸೇರಲಿಲ್ಲ. 1925ರಲ್ಲಿ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ನ್ಯಾಯಾಲಯ ಆಜ್ಞಾಪಿಸಿತು. ಆದರೂ ಕೆಲವು ಪ್ರತಿಗಳು ಅಲ್ಲಲ್ಲಿ ಅವಿತು ಉಳಿದು ಮತ್ತೆ ಎದ್ದು ಬಂದವು. ಹೂಳಿದರೂ ಎದ್ದು ಬರುವುದು ಆ ಕುಲದ ಗುಣವಲ್ಲವೆ? ಸೂರ್ಯನ ಬೆಳಕು ಸೋಕಿದರೆ ವ್ಯಾಂಪೈರ್ ನಾಶವಾಗುತ್ತದೆಂಬ ನಂಬಿಕೆಯನ್ನು ಹಳೆಯ ಜನಪದದ್ದೆಂದು ಅನೇಕರು ತಿಳಿದಿದ್ದಾರೆ. ಅದು ಈ ಚಿತ್ರ ಕೊಟ್ಟ ಕಾಣಿಕೆ. ಸ್ಟೋಕರನ ಡ್ರಾಕುಲ ಹಾಡುಹಗಲಿನಲ್ಲಿ ಲಂಡನ್ನಿನ ಬೀದಿಯಲ್ಲಿ ಅಡ್ಡಾಡುತ್ತಾನೆ.

ಎತ್ತರದ ಕತ್ತುಪಟ್ಟಿಯೂ ಪುಸ್ತಕದ್ದಲ್ಲ. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಆಡಿಸಿದ ನಾಟಕದಿಂದ ಬೆಳೆದ ರಂಗಸಂಪ್ರದಾಯವದು. ನಟ ಬೆನ್ನು ತಿರುಗಿಸಿ ನಿಂತಾಗ ಪಟ್ಟಿ ತಲೆಯನ್ನು ಮರೆಮಾಡುತ್ತಿತ್ತು. ಆಗ ಆತ ನಿಲುವಂಗಿಯನ್ನು ಬಿಟ್ಟು ನೆಲದ ಕದದಿಂದ ಜಾರಿ ಮಾಯವಾಗಬಹುದಿತ್ತು. 1927ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆಯೂ 1931ರಲ್ಲಿ ಹಾಲಿವುಡ್ಡಿನ ವಾಕ್ಚಿತ್ರದಲ್ಲಿಯೂ ಹಂಗೆರಿಯ ನಟ ಬೇಲ ಲುಗೋಸಿ ಆ ಉಡುಪಿಗೆ ಶಾಶ್ವತ ರೂಪ ಕೊಟ್ಟನು. 1956ರಲ್ಲಿ ಅವನನ್ನು ಹೂಳಿದ್ದೂ ಆ ನಿಲುವಂಗಿಯಲ್ಲಿಯೇ. ಸೃಷ್ಟಿಸಿದವನಂತೆ ನಟಿಸಿದವನನ್ನೂ ಆ ಪಾತ್ರ ನುಂಗಿತು.

ಹೀಗೆ ಹಳ್ಳಿಯ ಪ್ರೇತಕ್ಕೆ ಒಬ್ಬ ಪದವಿ ಕೊಟ್ಟನು, ಒಬ್ಬ ಹೆಸರು ಕೊಟ್ಟನು, ಒಬ್ಬ ಉಡುಪು ಕೊಟ್ಟನು, ಇನ್ನೊಬ್ಬ ಸಾವಿನ ಬಗೆಯನ್ನು ಕೊಟ್ಟನು. ಇವೆಲ್ಲವನ್ನೂ ಕಳಚಿದರೆ ಒಳಗೆ ಉಳಿಯುವುದು ಸ್ಲೈಗೊ ಊರಿನ ಹದಿನಾಲ್ಕು ವರ್ಷದ ಹುಡುಗಿ ಕಂಡ ಭಯ. 'ನೋಸ್ಫೆರಾಟು' ಚಿತ್ರದ ಪಿಶಾಚ ಹಡಗಿನಿಂದಿಳಿಯುವಾಗ ತನ್ನೊಡನೆ ಇಲಿಗಳನ್ನೂ ಪ್ಲೇಗನ್ನೂ ತರುತ್ತಾನೆ. ಆ ಚಿತ್ರಕಾರರು ಮೂಲವನ್ನು ಚೆನ್ನಾಗಿಯೇ ಊಹಿಸಿದ್ದರೆಂದು ನಾನು ಬಗೆಯುತ್ತೇನೆ. 2020ರ ಮಹಾಮಾರಿಯ ದಿನಗಳಲ್ಲಿ ಹೆತ್ತವರ ಹೆಣವನ್ನು ಮಕ್ಕಳು ಮುಟ್ಟಲಾರದೆ ದೂರ ನಿಂತುದನ್ನು ನಾವೂ ನೋಡಿದೆವು. ಆ ಬಳಿಕ ಸರ್ಬಿಯದ ರೈತರನ್ನು ಮೂಢರೆಂದು ನಗುವ ಧೈರ್ಯ ನನಗೆ ಉಳಿದಿಲ್ಲ. ಪ್ರೀತಿಸಿದವರೇ ಮೃತ್ಯುವನ್ನು ಹೊತ್ತು ಮನೆಗೆ ಬರಬಹುದೆಂಬ ಸಂಕಟಕ್ಕೆ ಮನುಷ್ಯ ಕೊಟ್ಟ ರೂಪಗಳಲ್ಲಿ ವ್ಯಾಂಪೈರ್ ಒಂದು. ಬಾಳೆಲ್ಲ ಇನ್ನೊಬ್ಬನ ಸೇವೆಯಲ್ಲಿ ಸವೆದ ಆ ವ್ಯವಸ್ಥಾಪಕ, ತಾಯಿಯ ಬಾಯಿಂದ ಕೇಳಿದ ಆ ಸಂಕಟವನ್ನು ಮರೆಯದೆ ಕಾಪಾಡಿ ನಮಗೆ ದಾಟಿಸಿದನು. ಆತನ ಚಿತಾಭಸ್ಮ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿದೆ. ಡ್ರಾಕುಲನ ಕೋಟೆಯೆಂದು ಯಾವುದೋ ಕಲ್ಲುಕಟ್ಟಡವನ್ನು ನೋಡಲು ಟ್ರಾನ್ಸಿಲ್ವೇನಿಯಕ್ಕೆ ಹೋಗುವವರು ಸಾವಿರಾರು ಜನ. ಅವರಲ್ಲಿ ಕೆಲವರಾದರೂ ಲಂಡನ್ನಿನ ಆ ಮೌನದ ಮೂಲೆಗೂ ಹೋಗಿಬಂದರೆ ಒಳ್ಳೆಯದು.