ಪರಭಾಷೆಯ ನಾಡಿನಲ್ಲಿ ಮಾತೆ ಕಬ್ರೀನಿ

ಶತಮಾನೋತ್ಸವದ ಈ ಸಂಚಿಕೆಗೆ ಒಬ್ಬ ಸಂತರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ನಮ್ಮ ಮನಸ್ಸಿಗೆ ಮೊದಲು ಬಂದವರು ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಬ್ರೀನಿಯವರು. ನಮ್ಮ ದೇವಾಲಯದಲ್ಲಿ ಇವರ ಪ್ರತಿಮೆಯಿಲ್ಲ. ಇವರ ಹೆಸರನ್ನು ಮಕ್ಕಳಿಗೆ ಇಟ್ಟವರನ್ನೂ ನಾವು ಕಂಡಿಲ್ಲ. ಆದರೂ ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಒಂದನೆಯ ತರಗತಿಯ ಬಾಗಿಲಲ್ಲಿ ನಿಂತು, ಮನೆಯಲ್ಲಿ ಒಂದಕ್ಷರ ಇಂಗ್ಲಿಷನ್ನೂ ಕೇಳದ ಎಳೆಯರು ಇಂಗ್ಲಿಷ್ ಪಾಠದೆದುರು ಕಣ್ಣರಳಿಸಿ ಕುಳಿತಿರುವುದನ್ನು ನೋಡುವಾಗ, ಈ ತಾಯಿಯ ನೆನಪು ನಮಗೆ ತಪ್ಪದೆ ಬರುತ್ತದೆ.

ಇಟಲಿಯ ಲೊಂಬಾರ್ಡಿ ಪ್ರಾಂತ್ಯದ ಸಂತ್ ಆಂಜೆಲೊ ಲೊದಿಜಾನೊ ಎಂಬ ಊರಿನಲ್ಲಿ 1850ರ ಜುಲೈ 15ರಂದು, ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಇದು. ತಂದೆ ಅಗೊಸ್ತೀನೊ ಕೃಷಿಕರು, ತಾಯಿ ಸ್ತೆಲ್ಲಾ. ಬಾಲ್ಯದಲ್ಲಿ ಕಾಗದದ ದೋಣಿಗಳಲ್ಲಿ ನೇರಳೆ ಬಣ್ಣದ ಹೂಗಳನ್ನಿಟ್ಟು, ಇವರೇ ದೂರದೇಶಕ್ಕೆ ಹೋಗುವ ಧರ್ಮಪ್ರಚಾರಕರೆಂದು ಕಾಲುವೆಯ ನೀರಿನಲ್ಲಿ ತೇಲಿಬಿಡುತ್ತಿದ್ದಳಂತೆ. ಒಮ್ಮೆ ನೀರಿಗೆ ಬಿದ್ದು ಹೇಗೋ ಬದುಕಿಕೊಂಡಳು. ಅಂದಿನಿಂದ ನೀರೆಂದರೆ ಭಯ. ಮುಂದೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಅಟ್ಲಾಂಟಿಕ್ ಸಾಗರವನ್ನು ದಾಟಿದವರು ಇವರೇ!

1868ರಲ್ಲಿ ಅಧ್ಯಾಪಕಿಯ ಅರ್ಹತಾಪತ್ರ ಪಡೆದರು. ಕನ್ಯಾಮಠ ಸೇರಬಯಸಿದಾಗ ದೇಹಸ್ಥಿತಿ ದುರ್ಬಲವೆಂಬ ಕಾರಣಕ್ಕೆ ಬಾಗಿಲು ತೆರೆಯಲಿಲ್ಲ. ಕೊದೋಞೊ ಎಂಬಲ್ಲಿಯ ಅನಾಥಾಲಯದಲ್ಲಿ ದುಡಿದು, 1877ರಲ್ಲಿ ವ್ರತ ಸ್ವೀಕರಿಸಿ, 1880ರ ನವೆಂಬರಿನಲ್ಲಿ ಬೆರಳೆಣಿಕೆಯ ಸಂಗಾತಿಗಳೊಡನೆ ಪವಿತ್ರ ಹೃದಯದ ಧರ್ಮಪ್ರಚಾರಕ ಭಗಿನಿಯರ ಸಂಸ್ಥೆಯನ್ನು ಸ್ಥಾಪಿಸಿದರು. ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರನ್ನು ಧರಿಸಿದ್ದ ಇವರಿಗೆ ಚೀನಾ ದೇಶಕ್ಕೆ ಹೋಗುವ ಹಂಬಲ. ಆದರೆ ಜಗದ್ಗುರು ಹದಿಮೂರನೆಯ ಲಿಯೋರವರು ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗುವಂತೆ ಆಜ್ಞಾಪಿಸಿದರು. ಬಡತನದಿಂದ ಬೇಸತ್ತ ಇಟಲಿಯ ಜನ ಆಗ ಹಡಗು ಹಡಗಾಗಿ ಅಮೆರಿಕಕ್ಕೆ ವಲಸೆ ಹೋಗುತ್ತಿದ್ದರು. ಅಲ್ಲಿ ಅವರನ್ನು ಕೇಳುವವರಿರಲಿಲ್ಲ. ಪಿಯಾಚೆಂಜಾದ ಧರ್ಮಾಧ್ಯಕ್ಷರಾದ ಸ್ಕಲಬ್ರೀನಿಯವರೂ ಇದನ್ನೇ ಒತ್ತಾಯಿಸಿದ್ದರು.

1889ರ ಮಾರ್ಚ್ 31ರಂದು ಆರು ಮಂದಿ ಭಗಿನಿಯರೊಡನೆ ನ್ಯೂಯಾರ್ಕಿನಲ್ಲಿ ಇಳಿದಾಗ ಅವರಿಗಾಗಿ ಮನೆಯೊಂದು ಸಿದ್ಧವಾಗಿರಲಿಲ್ಲ. ಮೊದಲ ರಾತ್ರಿ ಕೊಳಕು ವಸತಿಗೃಹವೊಂದರಲ್ಲಿ ಕಳೆಯಿತು. ಅನಾಥಾಲಯದ ಏರ್ಪಾಡಿನ ಬಗ್ಗೆ ಅಸಮಾಧಾನಗೊಂಡಿದ್ದ ಮಹಾಧರ್ಮಾಧ್ಯಕ್ಷರಾದ ಕಾರಿಗನ್‌ರವರು, ಬಂದ ಹಡಗಿನಲ್ಲೇ ಹಿಂದಿರುಗುವುದು ಒಳಿತೆಂದರು. ಜಗದ್ಗುರುಗಳು ಕಳುಹಿಸಿದ್ದಾರೆ, ಆದ್ದರಿಂದ ಇಲ್ಲೇ ಇರುತ್ತೇವೆಂದು ಮಾತೆ ವಿನಯದಿಂದಲೇ ಉತ್ತರಿಸಿದರು. ವಿಧೇಯತೆ ಎಂಬುದು ಬೆನ್ನು ಬಾಗಿಸುವುದಷ್ಟೇ ಅಲ್ಲವೆಂಬುದನ್ನು ನಾವು ಗುರುಗಳೂ ಇವರಿಂದ ಕಲಿಯಬೇಕು.

ಆ ವರ್ಷವೇ ರೂಸ್‌ವೆಲ್ಟ್ ಬೀದಿಯ ಸಂತ ಜೋಕಿಮ್ ದೇವಾಲಯದಲ್ಲಿ ಶಾಲೆ ಆರಂಭವಾಯಿತು. ಪ್ರತ್ಯೇಕ ಕಟ್ಟಡವಿಲ್ಲ; ದೇವಾಲಯವೇ ಶಾಲೆ. ಸುಮಾರು ಇನ್ನೂರು ಮಕ್ಕಳು! ಈ ಮಕ್ಕಳ ಸ್ಥಿತಿಯನ್ನು ಓದುಗರು ಸ್ವಲ್ಪ ಊಹಿಸಿಕೊಳ್ಳಬೇಕು. ಇವರ ತಂದೆತಾಯಿಯರು ಬಹುಪಾಲು ದಕ್ಷಿಣ ಇಟಲಿಯ ಬಡ ರೈತರು. ಮನೆಯಲ್ಲಿ ಆಡುತ್ತಿದ್ದುದು ಗ್ರಾಂಥಿಕ ಇಟಾಲಿಯನ್ ಅಲ್ಲ. ನೇಪಲ್ಸಿನದೋ, ಕಲಾಬ್ರಿಯದ್ದೋ, ಸಿಸಿಲಿಯದೋ ಆಡುಮಾತು. ಉತ್ತರದಿಂದ ಬಂದ ಭಗಿನಿಯರಿಗೆ ಆ ಮಾತುಗಳು ಸುಲಭವಾಗಿ ತಿಳಿಯುವಂಥವಲ್ಲ. ಬೀದಿಯಲ್ಲಿ, ಸರಕಾರಿ ಶಾಲೆಯಲ್ಲಿ ಇಂಗ್ಲಿಷೊಂದೇ. ದೇವಾಲಯಗಳಲ್ಲಿ ಕೂಡ ಅನೇಕ ಕಡೆ ಇಟಾಲಿಯನ್ನರಿಗೆ ಮೇಲಿನ ಅಂಗಣದಲ್ಲಿ ಸ್ಥಳವಿರದೆ, ನೆಲಮಾಳಿಗೆಯಲ್ಲಿ ಬಲಿಪೂಜೆ ನಡೆಯುತ್ತಿತ್ತು. ಹೀಗಿರುವಾಗ ಮಗುವಿಗೆ ತನ್ನ ತಾಯಿಯ ಮಾತೇ ನಾಚಿಕೆಯ ಸಂಗತಿಯಾಗಿ ತೋರಿದರೆ ಅಚ್ಚರಿಯೇನು?

ಮಾತೆ ಹಿಡಿದ ದಾರಿ ಎರಡೂ ಭಾಷೆಗಳದ್ದು. ಅವರ ಶಾಲೆಗಳಲ್ಲಿ ಇಟಾಲಿಯನ್ನೂ ಇಂಗ್ಲಿಷೂ ಜತೆಜತೆಯಾಗಿ ಸಾಗಿದವು. ಇಂಗ್ಲಿಷ್ ಬಾರದಿದ್ದರೆ ಈ ಮಕ್ಕಳು ಆ ನಾಡಿನಲ್ಲಿ ಕೂಲಿಗಳಾಗಿಯೇ ಉಳಿಯುವರು. ತಂದೆತಾಯಿಯರ ಭಾಷೆ ಮರೆತರೆ ಮನೆಯಲ್ಲಿ ಪರಕೀಯರಾಗುವರು, ಆ ಭಾಷೆಯಲ್ಲಿ ಕಲಿತ ಜಪವನ್ನೂ ಮರೆಯುವರು. ಇದರಲ್ಲಿ ಇನ್ನೊಂದು ವಿಶೇಷವುಂಟು. ಕಲಿಸಲು ಬಂದ ಭಗಿನಿಯರಿಗೂ ಇಂಗ್ಲಿಷ್ ಹೊಸದು. ಹಗಲು ಕಲಿಸುವವರು ತಾವೂ ವಿದ್ಯಾರ್ಥಿಗಳೇ. ತಾನೇ ತಡವರಿಸಿದ ಉಪಾಧ್ಯಾಯಿನಿ ತಡವರಿಸುವ ಮಗುವನ್ನು ಬೇಗ ಗದರುವುದಿಲ್ಲ ಎಂದು ನಮ್ಮ ನಂಬಿಕೆ.

ಇಲ್ಲಿ ನಮ್ಮ ಸ್ವಂತ ಮಾತೊಂದನ್ನು ಸೇರಿಸಲು ಓದುಗರ ಅಪ್ಪಣೆ ಬೇಡುತ್ತೇವೆ. ಹಳ್ಳಿಯ ಕನ್ನಡ ಶಾಲೆಯಿಂದ ಗುರುಮಠ ಸೇರಿದಾಗ ತತ್ವಶಾಸ್ತ್ರದ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಹಲವು ತಿಂಗಳು ನಮಗೆ ಏನೂ ಅರ್ಥವಾಗಲಿಲ್ಲ. ದಡ್ಡರ ಬೆಂಚು ನಮ್ಮದಾಯಿತು. ಹಿರಿಯ ಗುರುಗಳೊಬ್ಬರು ರಾತ್ರಿ ಊಟದ ನಂತರ ಅದೇ ಪಾಠವನ್ನು ಕನ್ನಡದಲ್ಲಿ ವಿವರಿಸಿ, ಬಳಿಕ ಇಂಗ್ಲಿಷಿನ ಪುಟ ತೆರೆಯುತ್ತಿದ್ದರು. ಅವರಿಲ್ಲದಿದ್ದರೆ ನಾವಿಂದು ಈ ಪೀಠದ ಬಳಿ ನಿಲ್ಲುತ್ತಿರಲಿಲ್ಲ. ಹಾಗಿದ್ದೂ, ಮುಂದೆ ಶಾಲೆಯೊಂದರ ಹೊಣೆ ಹೊತ್ತಾಗ, ಆಟದ ಬಯಲಿನಲ್ಲಿ ಮನೆಮಾತನಾಡಿದ ಮಕ್ಕಳಿಗೆ ದಂಡ ಹಾಕುವ ನಿಯಮಕ್ಕೆ ನಾವೇ ಸಹಿ ಹಾಕಿದೆವು. ತಂದೆತಾಯಿಯರು ಮೆಚ್ಚಿಕೊಂಡರು. ಒಬ್ಬ ಹುಡುಗ ಮಾತನಾಡುವುದನ್ನೇ ಬಿಟ್ಟ. ಆ ನಿಯಮವನ್ನು ಎರಡು ವರ್ಷಗಳ ಮೇಲೆ ಕಿತ್ತುಹಾಕಿದೆವು. ಹುಡುಗ ಅಷ್ಟರಲ್ಲಿ ಶಾಲೆ ಬಿಟ್ಟಿದ್ದ.

ಮಾತೆಯ ಕತೆಗೆ ಹಿಂದಿರುಗೋಣ. ನ್ಯೂ ಓರ್ಲಿಯನ್ಸ್ ನಗರದಲ್ಲಿ 1891ರ ಮಾರ್ಚ್ 14ರಂದು ಜನರ ಗುಂಪೊಂದು ಸೆರೆಮನೆಗೆ ನುಗ್ಗಿ ಹನ್ನೊಂದು ಮಂದಿ ಇಟಾಲಿಯನ್ನರನ್ನು ಕೊಂದಿತ್ತು. ಮರುವರ್ಷವೇ ಮಾತೆ ಅಲ್ಲಿಗೆ ತಮ್ಮ ಭಗಿನಿಯರನ್ನು ಕಳುಹಿಸಿ, ಹೆಚ್ಚಾಗಿ ಸಿಸಿಲಿಯವರೇ ಇದ್ದ ಬಡಾವಣೆಯಲ್ಲಿ ಮನೆ ಕೊಂಡು ಶಾಲೆ ತೆರೆದರು. ಅಂದಿನ ಆ ಊರಿನಲ್ಲಿ ಇಟಾಲಿಯನ್ ಭಾಷೆಯನ್ನು ಬಾಯಿಬಿಟ್ಟು ಕಲಿಸುವುದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಬಳಿಕ ಷಿಕಾಗೊ, ಡೆನ್ವರ್, ಸಿಯಾಟಲ್. ಶಾಲೆ, ಅನಾಥಾಲಯ, ಆಸ್ಪತ್ರೆ ಎಂದು ಕೆಲಸ ಬೆಳೆಯಿತು. ಹಣವಿಲ್ಲದಾಗ ಭಗಿನಿಯರು ಬೀದಿಬೀದಿ ತಿರುಗಿ ಬೇಡಿದರು. ಕೊನೆಗೆ ಹಲವು ದೇಶಗಳಲ್ಲಿ ಒಟ್ಟು 67 ಸಂಸ್ಥೆಗಳಾದವು.

1909ರಲ್ಲಿ ಸಿಯಾಟಲ್ ನಗರದಲ್ಲಿ ಮಾತೆ ಅಮೆರಿಕದ ಪೌರತ್ವ ಸ್ವೀಕರಿಸಿದರು. ಆದರೆ ತಮ್ಮ ಭಗಿನಿಯರಿಗೆ ಪತ್ರ ಬರೆಯುವಾಗ ಅವರ ಲೇಖನಿಗೆ ಒಗ್ಗಿದ್ದು ಇಟಾಲಿಯನ್ನೇ. ಎರಡು ನಾಡುಗಳನ್ನೂ ತಮ್ಮದೆನ್ನಲು ಅವರಿಗೆ ಸಂಕೋಚವಿರಲಿಲ್ಲ.

1917ರ ಡಿಸೆಂಬರ್ 22ರಂದು, ಕ್ರಿಸ್ತಜಯಂತಿಗೆ ಮೂರೇ ದಿನಗಳಿರುವಾಗ, ಷಿಕಾಗೊದಲ್ಲಿ ತಾವೇ ಸ್ಥಾಪಿಸಿದ್ದ ಕೊಲಂಬಸ್ ಆಸ್ಪತ್ರೆಯಲ್ಲಿ ಅವರು ದೈವಾಧೀನರಾದರು. 1938ರಲ್ಲಿ ಪುನೀತರೆಂದೂ, 1946ರ ಜುಲೈ 7ರಂದು ಸಂತರೆಂದೂ ಘೋಷಿತರಾದರು. ಅಮೆರಿಕದ ಪೌರರಲ್ಲಿ ಸಂತಪದವಿಗೇರಿದವರಲ್ಲಿ ಇವರೇ ಮೊದಲಿಗರು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ಇವರನ್ನು ವಲಸಿಗರ ಪಾಲಕಿಯೆಂದು ಸಾರಿದರು. ಕೊನೆಯ ದಿನಗಳಲ್ಲಿ, ಶಾಲೆಯ ಮಕ್ಕಳಿಗೆ ಹಬ್ಬಕ್ಕೆಂದು ತರಿಸಿದ್ದ ಮಿಠಾಯಿಯನ್ನು ಪೊಟ್ಟಣ ಕಟ್ಟುವ ಕೆಲಸದಲ್ಲಿ ಅವರೂ ಕೈಜೋಡಿಸಿದ್ದರೆಂದು ಹೇಳುತ್ತಾರೆ.