ಹೆನ್ರಿ ಫೋರ್ಡನೂ ಅವನ ಗೇರುಪೆಟ್ಟಿಗೆಯೂ

ಇತಿಹಾಸದ ವಿದ್ಯಾರ್ಥಿಯಾದ ನಾನು ಮೋಟಾರಿನ ವಿಷಯ ಬರೆಯಹೊರಟಿರುವುದನ್ನು ಕಂಡು ನನ್ನ ಸಹಪಾಠಿಗಳು ನಗಬಹುದು. ನಮ್ಮ ತಂದೆ ಮೋಟಾರು ರಿಪೇರಿಯವರು. ರಜೆ ಬಂದಿತೆಂದರೆ ಅವರ ಷೆಡ್ಡಿನಲ್ಲಿ ಸ್ಪ್ಯಾನರು ಎತ್ತಿಕೊಡುವ ಕೆಲಸ ನನ್ನದು. ಈ ಲೇಖನದ ಬೀಜ ಅಲ್ಲಿ ಬಿದ್ದಿತು.

ಕಳೆದ ಬೇಸಗೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಳೆಯದಾದ ಕಾರೊಂದು ನಮ್ಮ ಷೆಡ್ಡಿಗೆ ಬಂದಿತು. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಗಾಡಿ ಅದು. ಅದರ ರೋಗವೇನೆಂದರೆ, ಏರು ಬಂದಾಗ ಎಂಜಿನ್ನು ಆರ್ಭಟಿಸುತ್ತಿತ್ತು, ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಯಾರೋ ಹಿಂದಿನಿಂದ ಗುದ್ದಿದ ಹಾಗೆ ಒಮ್ಮೆಲೇ ಗೇರು ಹಿಡಿಯುತ್ತಿತ್ತು. ಗಾಡಿಯ ಯಜಮಾನರು ನಿವೃತ್ತ ಮೇಷ್ಟ್ರು. ಗೇರುಪೆಟ್ಟಿಗೆಯನ್ನೇ ಬದಲಾಯಿಸಬೇಕೆಂದು ಬೇರೊಂದು ಕಡೆ ಹೇಳಿದ್ದರಂತೆ. ಆ ಖರ್ಚಿನ ಮೊತ್ತ ಕೇಳಿ ಅವರು ಗಾಡಿಯನ್ನು ಗುಜರಿಗೆ ಹಾಕುವ ಮನಸ್ಸು ಮಾಡಿದ್ದರು.

ನಮ್ಮ ತಂದೆ ಮೊದಲು ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ಎಂಜಿನ್ನು ಚೆನ್ನಾಗಿ ಬಿಸಿಯಾಗುವವರೆಗೆ ಗಾಡಿ ಓಡಿಸಿ ತಂದರು. ಎಂಜಿನ್ನು ನಡೆಯುತ್ತಿರುವಾಗಲೇ ಗೇರೆಣ್ಣೆಯ ಅಳತೆಕಡ್ಡಿಯನ್ನು ಎಳೆದು, ಬಿಳಿಯ ಬಟ್ಟೆಗೆ ಒರೆಸಿ, ಬಣ್ಣ ನೋಡಿದರು, ಮೂಸಿದರು. ಎಣ್ಣೆ ಸೀದು ಕಪ್ಪಾಗಿದ್ದರೆ ಒಳಗಿನ ಕ್ಲಚ್ಚಿನ ಬಿಲ್ಲೆಗಳು ಸುಟ್ಟಿವೆಯೆಂದು ತಿಳಿಯಬೇಕು. ಆಗ ಪೆಟ್ಟಿಗೆಯನ್ನು ಬಿಚ್ಚದೆ ಗತಿಯಿಲ್ಲ. ಈ ಗಾಡಿಯ ಎಣ್ಣೆ ಇನ್ನೂ ಕೆಂಪಾಗಿತ್ತು, ಸೀದ ವಾಸನೆಯಿರಲಿಲ್ಲ, ಆದರೆ ಗುರುತಿಗಿಂತ ಬಹಳ ಕೆಳಗಿತ್ತು. ಇಂಥ ಪೆಟ್ಟಿಗೆಯಲ್ಲಿ ಗೇರನ್ನು ಹಿಡಿಯುವ ಕೈಯೆಂದರೆ ಎಣ್ಣೆಯೇ. ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಒತ್ತಡ ಬಿಲ್ಲೆಗಳನ್ನೂ ಪಟ್ಟಿಗಳನ್ನೂ ಬಿಗಿಯುತ್ತದೆ. ಎಣ್ಣೆ ಸಾಲದೆ ಪಂಪು ಗಾಳಿಯನ್ನು ಎಳೆದುಕೊಂಡರೆ ಹಿಡಿತ ಜಾರುತ್ತದೆ. ಏರಿನಲ್ಲಿ ಎಣ್ಣೆಯೆಲ್ಲ ಹಿಂದಕ್ಕೆ ಸರಿಯುವುದರಿಂದ ರೋಗ ಅಲ್ಲಿ ಹೆಚ್ಚು. ಹುಡುಕಿದಾಗ ರೇಡಿಯೇಟರಿನ ಕಡೆಗೆ ಹೋಗುವ ಎಣ್ಣೆಯ ಕೊಳವೆಯ ಜೋಡಣೆಯಲ್ಲಿ ಒಸರು ಕಂಡಿತು. ಹೊಸ ಕೊಳವೆ ಬೆಂಗಳೂರಿನಿಂದ ಬರಬೇಕಾಗಿತ್ತು. ಮೂರು ದಿನ ಕಾಯಬೇಕಾಯಿತು.

ಆ ಸಂಜೆ ತಂದೆಯವರು, ಈ ವಿದ್ಯೆ ಹೊಸದೇನಲ್ಲ, ನಮ್ಮ ಮುತ್ತಜ್ಜ ಒಬ್ಬ ಸಾಹುಕಾರರ ಬಳಿ ಮೂರು ಪೆಡಲಿನ ಫೋರ್ಡ್ ಗಾಡಿ ನಡೆಸುತ್ತಿದ್ದರು, ಅದರ ಗೇರಿನ ರೋಗಗಳೂ ಹೀಗೆಯೇ ಇದ್ದವಂತೆ ಎಂದರು. ಕಡಿದಾದ ಏರು ಬಂದರೆ ಅಜ್ಜ ಗಾಡಿ ತಿರುಗಿಸಿ ಹಿಂದುಹಿಂದಾಗಿ ಹತ್ತಿಸುತ್ತಿದ್ದರೆಂಬುದು ನಮ್ಮ ಮನೆಯಲ್ಲಿ ಹಾಸ್ಯದ ಮಾತು. ಅದು ಬರಿಯ ಹಾಸ್ಯವೇ, ನಿಜವೇ ಎಂದು ತಿಳಿಯುವ ಕುತೂಹಲದಿಂದ ಆ ಮೂರು ದಿನ ಹೆನ್ರಿ ಫೋರ್ಡನ ಚರಿತ್ರೆಯನ್ನು ಓದಿದೆನು. ಓದುತ್ತ ಹೋದಂತೆ ಗೇರಿಗಿಂತ ಮನುಷ್ಯನೇ ದೊಡ್ಡ ಒಗಟಾಗಿ ಕಂಡನು.

ಹೆನ್ರಿ ಫೋರ್ಡನು 1863ನೆಯ ಇಸವಿ ಜುಲೈ 30ರಂದು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರಕ್ಕೆ ಸಮೀಪದ ಒಂದು ಬೇಸಾಯಗಾರರ ಮನೆಯಲ್ಲಿ ಹುಟ್ಟಿದನು. ತಂದೆ ವಿಲಿಯಂ ಐರ್ಲೆಂಡಿನಿಂದ ವಲಸೆ ಬಂದವನು. ಮಗನಿಗೆ ಹೊಲದ ಕೆಲಸವೆಂದರೆ ಬೇಸರ. ಗಡಿಯಾರ ಸಿಕ್ಕಿದರೆ ಬಿಚ್ಚದೆ ಬಿಡುತ್ತಿರಲಿಲ್ಲ. ಮೊಳೆಯನ್ನು ಅರದಿಂದ ಉಜ್ಜಿ ಸ್ಕ್ರೂಡ್ರೈವರು ಮಾಡಿಕೊಂಡು ನೆರೆಹೊರೆಯವರ ಗಡಿಯಾರಗಳನ್ನು ರಿಪೇರಿ ಮಾಡಿಕೊಡುತ್ತಿದ್ದನು. 1876ರಲ್ಲಿ ಅವನ ತಾಯಿ ತೀರಿಕೊಂಡಳು. ಅದೇ ವರ್ಷ, ತಂದೆಯ ಜೊತೆಗೆ ಕುದುರೆಗಾಡಿಯಲ್ಲಿ ಹೋಗುತ್ತಿರುವಾಗ, ಕುದುರೆಯಿಲ್ಲದೆ ತಾನೇ ರಸ್ತೆಯಲ್ಲಿ ನಡೆದುಬರುತ್ತಿದ್ದ ಉಗಿಯಂತ್ರವೊಂದನ್ನು ಕಂಡನು. ಗಾಡಿಯಿಂದ ಧುಮುಕಿ ಓಡಿಹೋಗಿ ಅದನ್ನು ನಡೆಸುತ್ತಿದ್ದವನನ್ನು ಪ್ರಶ್ನೆಗಳಿಂದ ಮುತ್ತಿದನಂತೆ. ತಾಯಿಯನ್ನು ಕಳೆದುಕೊಂಡ ಹುಡುಗನಿಗೆ ಆ ಯಂತ್ರ ಏನಾಗಿ ಕಂಡಿತೋ ನಾವು ಊಹಿಸಬೇಕಷ್ಟೆ.

ಹದಿನಾರನೆಯ ವಯಸ್ಸಿನಲ್ಲಿ ಡೆಟ್ರಾಯಿಟಿಗೆ ಹೋಗಿ ಹಗಲು ಯಂತ್ರಶಾಲೆಯಲ್ಲಿ ದುಡಿದು, ರಾತ್ರಿ ಗಡಿಯಾರ ರಿಪೇರಿ ಮಾಡಿ ಹೊಟ್ಟೆ ಹೊರೆದನು. ಮತ್ತೆ ಹಳ್ಳಿಗೆ ಬಂದು ರೈತರ ಉಗಿಯಂತ್ರಗಳನ್ನು ನೋಡಿಕೊಂಡನು. 1888ರಲ್ಲಿ ಕ್ಲಾರಾ ಬ್ರಯಂಟಳನ್ನು ಮದುವೆಯಾದನು. 1891ರಲ್ಲಿ ಡೆಟ್ರಾಯಿಟಿನ ಎಡಿಸನ್ ವಿದ್ಯುತ್ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷದಲ್ಲಿ ಮುಖ್ಯ ಇಂಜಿನಿಯರನಾದನು. 1893ರ ನವೆಂಬರಿನಲ್ಲಿ ಅವನ ಒಬ್ಬನೇ ಮಗ ಎಡ್ಸೆಲ್ ಹುಟ್ಟಿದನು. ಆ ವರ್ಷದ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅಡಿಗೆಮನೆಯ ನೀರಿನ ತೊಟ್ಟಿಯ ಮೇಲೆ ತನ್ನ ಮೊದಲ ಪೆಟ್ರೋಲ್ ಎಂಜಿನ್ನನ್ನು ಇಟ್ಟು ನಡೆಸಿದನು. ಹಬ್ಬದ ಅಡಿಗೆ ಬಿಟ್ಟು ಬಂದ ಕ್ಲಾರಾ ತೊಟ್ಟುತೊಟ್ಟಾಗಿ ಪೆಟ್ರೋಲ್ ಹನಿಸಿದಳು. ಪಕ್ಕದ ಕೋಣೆಯಲ್ಲಿ ಕೂಸು ಮಲಗಿತ್ತು. 1896ರ ಜೂನ್ 4ರ ಬೆಳಗಿನ ಜಾವ ಅವನ ಮೊದಲ ಗಾಡಿ ಸಿದ್ಧವಾಯಿತು. ಆಗ ನೋಡಿದರೆ ಗಾಡಿಗಿಂತ ಕೊಟ್ಟಿಗೆಯ ಬಾಗಿಲು ಚಿಕ್ಕದು! ಕೊಡಲಿಯಿಂದ ಇಟ್ಟಿಗೆಯ ಗೋಡೆ ಒಡೆದು ಗಾಡಿಯನ್ನು ಹೊರಕ್ಕೆ ತಂದನು. ಅದಕ್ಕೆ ಮುಂದಕ್ಕೆ ಹೋಗುವ ಎರಡು ವೇಗಗಳಿದ್ದವು. ಹಿಂದಕ್ಕೆ ಹೋಗುವ ಗೇರೇ ಇರಲಿಲ್ಲ. ಮುಂದೆ ಅವನ ಬಾಳನ್ನು ಓದುವಾಗ ನನಗೆ ಈ ಸಂಗತಿ ಮತ್ತೆ ಮತ್ತೆ ನೆನಪಾಯಿತು.

ಎರಡು ಕಂಪೆನಿಗಳು ಕೈಬಿಟ್ಟುಹೋದ ಮೇಲೆ 1903ರಲ್ಲಿ ಫೋರ್ಡ್ ಮೋಟಾರ್ ಕಂಪೆನಿ ಹುಟ್ಟಿತು. 1908ರಲ್ಲಿ ಲೋಕಪ್ರಸಿದ್ಧವಾದ ಟಿ ಮಾದರಿಯ ಕಾರು ಹೊರಬಂದಿತು. ನಮ್ಮ ಮುತ್ತಜ್ಜ ನಡೆಸಿದ್ದು ಇದನ್ನೇ.

ಆ ಕಾಲದ ಇತರ ಕಾರುಗಳಲ್ಲಿ ಗೇರು ಬದಲಿಸುವುದು ನುರಿತವರ ಕೆಲಸವಾಗಿತ್ತು. ತಿರುಗುತ್ತಿರುವ ಹಲ್ಲುಚಕ್ರವನ್ನು ಇನ್ನೊಂದಕ್ಕೆ ಸರಿಸಿ ಹೊಂದಿಸುವಾಗ ಕೈ ತಪ್ಪಿದರೆ ಹಲ್ಲು ಕಡಿಯುವ ಶಬ್ದ ಬೀದಿಗೆಲ್ಲ ಕೇಳುತ್ತಿತ್ತು. ಫೋರ್ಡನ ಗಿರಾಕಿಗಳೋ ಅದುವರೆಗೆ ಕುದುರೆಯ ಲಗಾಮು ಮಾತ್ರ ಹಿಡಿದಿದ್ದ ರೈತರು. ಅವರಿಗಾಗಿ ಅವನು ಗ್ರಹಚಕ್ರದ ಗೇರನ್ನು ಆರಿಸಿಕೊಂಡನು. ನಡುವಿನ ಚಕ್ರದ ಸುತ್ತ ಗ್ರಹಗಳಂತೆ ಸಣ್ಣ ಚಕ್ರಗಳು ಸುತ್ತುತ್ತವೆ. ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಚಕ್ರಗಳಿಗೆ ಸೇರಿದ ಡ್ರಮ್ಮುಗಳಲ್ಲಿ ಒಂದನ್ನು ಪಟ್ಟಿಯಿಂದ ಬಿಗಿಹಿಡಿದರೆ ನಿಧಾನದ ಗೇರು, ಇನ್ನೊಂದನ್ನು ಹಿಡಿದರೆ ಹಿಂದಿನ ಗೇರು. ಚಾಲಕನು ಎಡ ಪೆಡಲನ್ನು ಪೂರ್ತಿ ತುಳಿದರೆ ನಿಧಾನ, ಅರ್ಧಕ್ಕೆ ಹಿಡಿದರೆ ಯಾವ ಗೇರೂ ಇಲ್ಲ, ಪೂರ್ತಿ ಬಿಟ್ಟರೆ ವೇಗ. ನಡುವಿನ ಪೆಡಲು ಹಿಂದಕ್ಕೆ, ಬಲಗಡೆಯದು ಬ್ರೇಕಿಗೆ. ಎಂಜಿನ್ನಿನ ವೇಗ ಹೆಚ್ಚಿಸುವುದು ಸ್ಟಿಯರಿಂಗಿನ ಕೆಳಗಿನ ಕೈಕಡ್ಡಿಯಿಂದ. ಇಂದಿನ ಡ್ರೈವರನ್ನು ಕೂರಿಸಿದರೆ ಗೋಡೆಗೆ ಗುದ್ದುವುದು ಖಂಡಿತ.

ರೋಗಗಳೂ ಸರಳ. ನಿಧಾನದ ಪೆಡಲು ತುಳಿದಾಗ ಎಂಜಿನ್ನು ಕೂಗಿ ಗಾಡಿ ಸಾಗದಿದ್ದರೆ ಪಟ್ಟಿಯ ಹತ್ತಿಯ ಹೊದಿಕೆ ಸವೆದಿದೆ, ಪಟ್ಟಿ ಸಡಿಲವಾಗಿದೆ ಎಂದು ಅರ್ಥ. ಹೊರಗಿನ ತಿರುಪನ್ನು ಕೊಂಚ ಬಿಗಿದರೆ ಸಾಕು. ಗಾಡಿ ಗಡಗಡ ನಡುಗಿದರೆ ಎಣ್ಣೆ ಹಳೆಯದು, ಇಲ್ಲವೇ ಹೊದಿಕೆ ಗಟ್ಟಿಯಾಗಿದೆ. ಚಳಿಗಾಲದ ಬೆಳಿಗ್ಗೆ ಎಣ್ಣೆ ಮಂದವಾಗಿ ಕ್ಲಚ್ಚಿನ ಬಿಲ್ಲೆಗಳು ಅಂಟಿಕೊಂಡಿರುತ್ತಿದ್ದವು; ಮುಂದೆ ನಿಂತು ಹ್ಯಾಂಡಲು ತಿರುಗಿಸಿದವನ ಮೇಲೇ ಗಾಡಿ ತೆವಳಿ ಬರುತ್ತಿತ್ತು. ಅದಕ್ಕಾಗಿ ಹಿಂದಿನ ಒಂದು ಚಕ್ರವನ್ನು ಜಾಕಿನ ಮೇಲೆತ್ತಿ ಸ್ಟಾರ್ಟ್ ಮಾಡುವವರೂ ಇದ್ದರು. ಹಿಂದುಹಿಂದಾಗಿ ಏರು ಹತ್ತಿಸುವ ಕಥೆಯೂ ನಿಜವಾಯಿತು: ಪೆಟ್ರೋಲ್ ತೊಟ್ಟಿ ಸೀಟಿನ ಕೆಳಗಿದ್ದು ಎಣ್ಣೆ ತನ್ನ ಭಾರದಿಂದಲೇ ಎಂಜಿನ್ನಿಗೆ ಇಳಿಯಬೇಕಾಗಿತ್ತು, ಕಡಿದಾದ ಏರಿನಲ್ಲಿ ಅದು ಇಳಿಯುತ್ತಿರಲಿಲ್ಲ. ಹಿಂದಿನ ಗೇರಿಗೆ ಎಳೆಯುವ ಶಕ್ತಿಯೂ ಹೆಚ್ಚು. ಮುತ್ತಜ್ಜನ ಮೇಲೆ ನಾನಿಟ್ಟಿದ್ದ ಅನುಮಾನಕ್ಕೆ ಇಲ್ಲಿ ಕ್ಷಮೆ ಕೇಳುತ್ತೇನೆ.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. 1913ರಲ್ಲಿ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಗಾಡಿಯೇ ಕೆಲಸಗಾರನ ಬಳಿಗೆ ಸಾಗಿಬರುವ ಏರ್ಪಾಡು ಮಾಡಿದಾಗ, ಹನ್ನೆರಡೂವರೆ ಗಂಟೆಯ ಜೋಡಣೆ ಕೆಲವೇ ತಿಂಗಳಲ್ಲಿ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1914ರಲ್ಲಿ ದಿನಕ್ಕೆ 5 ಡಾಲರಿನ ಕೂಲಿ ಸಾರಿದನು. ಸುಮಾರು 850 ಡಾಲರಿನಿಂದ ಆರಂಭವಾದ ಟಿ ಕಾರಿನ ಬೆಲೆ ಇಳಿದಿಳಿದು, ಅತಿ ಅಗ್ಗದ ಗಾಡಿ 260 ಡಾಲರಿಗೆ ಬಂದಿತು. 1921ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವನವು.

ಅಷ್ಟರಲ್ಲಿ ರಸ್ತೆಗಳು ಸುಧಾರಿಸಿದವು, ಜನರ ಕೈ ಪಳಗಿತು. ಮೊದಲು ಫೋರ್ಡನಿಗೆ ಎಂಜಿನ್ನು, ಗೇರುಪೆಟ್ಟಿಗೆ ಮಾಡಿಕೊಡುತ್ತಿದ್ದ ಡಾಜ್ ಸೋದರರು 1914ರಲ್ಲಿ ಮೂರು ವೇಗದ ಸ್ವಂತ ಕಾರನ್ನು ತಂದರು. ಆಮೇಲೆ ಷೆವರ್ಲೆ ಬಂದಿತು. ಎರಡೇ ವೇಗದ ಫೋರ್ಡು ಏರಿನಲ್ಲಿ ಒಂದೋ ನರಳಬೇಕು, ಇಲ್ಲವೇ ತೆವಳಬೇಕು. ಟಿ ಕಾರಿಗೆ ತಗುಲಿಸುವ ಹೆಚ್ಚುವರಿ ಗೇರುಗಳನ್ನು ಮಾರಿಯೇ ಬೇರೆ ಕೆಲವರು ಲಾಭ ಮಾಡಿಕೊಂಡರೆಂದ ಮೇಲೆ ರೋಗವೇನೆಂದು ಲೋಕಕ್ಕೆಲ್ಲ ಗೊತ್ತಿತ್ತು. ಗೊತ್ತಾಗದವನು ಫೋರ್ಡನೊಬ್ಬನೇ. ಎಂಜಿನ್ನಿನ ಶಬ್ದಕ್ಕೆ ಕಿವಿಗೊಟ್ಟು ದೋಷ ಹೇಳಬಲ್ಲವನು ತನ್ನ ಗಾಡಿಯ ಮಾತು ಬಂದಾಗ ಕಿವುಡನಾದನು. 1912ರಲ್ಲಿ ಅವನು ಯೂರೋಪಿಗೆ ಹೋಗಿದ್ದಾಗ ಅವನ ಆಪ್ತರು ಟಿ ಕಾರನ್ನು ಸುಧಾರಿಸಿ ಹೊಸದೊಂದನ್ನು ಮಾಡಿಟ್ಟಿದ್ದರು. ಹಿಂದಿರುಗಿದ ಯಜಮಾನ ಅದರ ಸುತ್ತ ಬಂದು, ಬಾಗಿಲುಗಳನ್ನು ಕೈಯಿಂದಲೇ ಕಿತ್ತೆಸೆದನೆಂದು ಚರಿತ್ರಕಾರರು ಹೇಳುತ್ತಾರೆ.

ಈ ಹಟದ ಬೆಲೆ ತೆತ್ತವನು ಎಡ್ಸೆಲ್. 1919ರಿಂದ ಅವನೇ ಕಂಪೆನಿಯ ಅಧ್ಯಕ್ಷ, ಹೆಸರಿಗೆ ಮಾತ್ರ. ಸೌಮ್ಯ ಸ್ವಭಾವದ, ಅಭಿರುಚಿಯುಳ್ಳ ಆ ಮಗನಿಗೆ ಹೊಸ ಗೇರು ಬೇಕು, ಎಣ್ಣೆಯ ಒತ್ತಡದ ಬ್ರೇಕು ಬೇಕು ಎಂದು ತಿಳಿದಿತ್ತು. ತಂದೆ ನಾಲ್ಕು ಜನರ ಎದುರಿಗೆ ಅವನ ಮಾತನ್ನು ಕಡಿದುಹಾಕುತ್ತಿದ್ದನು. 1926ರ ಜನವರಿಯಲ್ಲಿ ಎಡ್ಸೆಲನ ಷಡ್ಡಕ ಅರ್ನೆಸ್ಟ್ ಕ್ಯಾಂಜ್ಲರ್ ಧೈರ್ಯ ಮಾಡಿ, ಟಿ ಕಾರಿನ ಕಾಲ ಮುಗಿಯಿತೆಂದು ಆರು ಪುಟಗಳ ವಿನಯದ ಪತ್ರ ಬರೆದನು. ಆರು ತಿಂಗಳೊಳಗೆ ಅವನು ಕಂಪೆನಿಯಿಂದ ಹೊರಗಿದ್ದನು. ರೋಗ ಹೇಳಿದ ವೈದ್ಯನನ್ನೇ ಊರು ಬಿಡಿಸಿದಂತಾಯಿತು.

ಕೊನೆಗೆ ಮಾರಾಟ ಕುಸಿದಾಗ ಮಣಿಯಲೇಬೇಕಾಯಿತು. 1927ರ ಮೇ 26ರಂದು ಒಂದೂವರೆ ಕೋಟಿಯ ಟಿ ಕಾರು ಹೊರಬಂದಿತು. ತಂದೆಮಕ್ಕಳಿಬ್ಬರೂ ಅದರಲ್ಲಿ ಕುಳಿತು ಮೆರವಣಿಗೆ ಹೊರಟರು. ಆಮೇಲೆ ಕಾರ್ಖಾನೆ ತಿಂಗಳುಗಟ್ಟಲೆ ಮುಚ್ಚಿ ಸಹಸ್ರಾರು ಜನ ಕೆಲಸವಿಲ್ಲದೆ ಕುಳಿತರು. ಡಿಸೆಂಬರಿನಲ್ಲಿ ಬಂದ ಎ ಮಾದರಿಯಲ್ಲಿ ಎಲ್ಲರಂತೆ ಮೂರು ವೇಗದ ಸರಿಯುವ ಗೇರಿತ್ತು. ಎಣ್ಣೆಯ ಬ್ರೇಕಿಗೆ ಎಡ್ಸೆಲ್ 1939ರ ಮಾದರಿಯವರೆಗೆ ಕಾಯಬೇಕಾಯಿತು.

ಫೋರ್ಡನ ಬಾಳಿನ ಕಪ್ಪು ಪುಟಗಳನ್ನು ಮುಚ್ಚಿಟ್ಟರೆ ನಾನು ಇತಿಹಾಸದ ವಿದ್ಯಾರ್ಥಿಯೆನಿಸಿಕೊಳ್ಳಲಾರೆ. ತನ್ನ ಪತ್ರಿಕೆಯಲ್ಲಿ 1920ರಿಂದ ಯೆಹೂದ್ಯರ ಮೇಲೆ ವಿಷ ಕಾರಿಸಿ, 1927ರಲ್ಲಿ ಕ್ಷಮೆ ಕೇಳಿದನು. ಆ ಬರಹಗಳು ಅಷ್ಟರಲ್ಲಿ ಜರ್ಮನಿಯನ್ನು ಮುಟ್ಟಿದ್ದವು. 1937ರಲ್ಲಿ ಕಾರ್ಮಿಕ ಸಂಘದವರನ್ನು ಅವನ ಕಡೆಯ ಜನ ಕಾರ್ಖಾನೆಯ ಸೇತುವೆಯ ಮೇಲೆ ಹೊಡೆದುಹಾಕಿದರು. ಅಂದೂ ಮೇ 26. ಅದೇ ತಾರೀಖು ಅವನ ಬಾಳಿನಲ್ಲಿ ಮೂರನೆಯ ಬಾರಿ ಬಂದದ್ದು 1943ರಲ್ಲಿ: ಹೊಟ್ಟೆಯ ಕ್ಯಾನ್ಸರಿನಿಂದ ಎಡ್ಸೆಲ್ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಎರಡು ಬಾರಿ ಪಾರ್ಶ್ವವಾಯು ಬಡಿದಿದ್ದ ಮುದುಕ ಮತ್ತೆ ಅಧ್ಯಕ್ಷನ ಕುರ್ಚಿಯಲ್ಲಿ ಕುಳಿತನು. ಮೊಮ್ಮಗನಿಗೆ ಅಧಿಕಾರ ಬಿಟ್ಟುಕೊಡದಿದ್ದರೆ ತಮ್ಮ ಪಾಲನ್ನು ಮಾರಿಬಿಡುವೆವೆಂದು ಮನೆಯ ಹೆಂಗಸರು ಬೆದರಿಸಿದ ಮೇಲೆ, 1945ರಲ್ಲಿ ಎದ್ದನು.

1947ರ ಏಪ್ರಿಲ್ 7ರಂದು ರೂಜ್ ನದಿಗೆ ಪ್ರವಾಹ ಬಂದಿತ್ತು. ಫೋರ್ಡನ ಬಂಗಲೆಗೆ ಬೆಳಕು ಕೊಡುತ್ತಿದ್ದ ವಿದ್ಯುದಾಗಾರ ನಿಂತುಹೋಗಿತ್ತು. ಕೋಟಿಗಟ್ಟಲೆ ಯಂತ್ರಗಳ ಒಡೆಯನು ಆ ರಾತ್ರಿ, ತಾನು ಹುಟ್ಟಿದ ಕಾಲದಂತೆಯೇ, ಮೇಣದಬತ್ತಿ ಮತ್ತು ಎಣ್ಣೆದೀಪಗಳ ಬೆಳಕಿನಲ್ಲಿ, ಹೆಂಡತಿಯ ಬಳಿಯಲ್ಲಿ ಪ್ರಾಣ ಬಿಟ್ಟನು.

ಅವನ ಪ್ರೀತಿಯ ಗ್ರಹಚಕ್ರ ಮಾತ್ರ ಸಾಯಲಿಲ್ಲ. ಜನರಲ್ ಮೋಟರ್ಸಿನವರು 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿಗೆ ಹೈಡ್ರಾಮ್ಯಾಟಿಕ್ ಎಂಬ ಗೇರುಪೆಟ್ಟಿಗೆಯನ್ನು ಇಟ್ಟರು. ಒಳಗೆ ಅದೇ ಗ್ರಹಚಕ್ರ, ಅದೇ ಪಟ್ಟಿ. ಬಿಗಿಯುವ ಕೆಲಸ ಚಾಲಕನ ಕಾಲಿನಿಂದ ಎಣ್ಣೆಗೆ ದಾಟಿತ್ತು. 1949ರಲ್ಲಿ ಫೋರ್ಡ್ ಕಂಪೆನಿ ತನ್ನ ಲಿಂಕನ್ ಕಾರಿಗೆ ಆ ಪೆಟ್ಟಿಗೆಯನ್ನು ಎದುರಾಳಿಯಿಂದಲೇ ಕೊಂಡಿತು. ಫೋರ್ಡೊಮ್ಯಾಟಿಕ್ ಎಂಬ ತನ್ನದೇ ಹೆಸರಿನ ಪೆಟ್ಟಿಗೆ ಬಂದುದು 1951ರ ಮಾದರಿಗೆ. ನೋಡಲು ತಂದೆಯೂ ಇರಲಿಲ್ಲ, ಮಗನೂ ಇರಲಿಲ್ಲ.

ನಾಲ್ಕನೆಯ ದಿನ ಬಸ್ಸಿನಲ್ಲಿ ಕೊಳವೆ ಬಂದಿತು. ತಂದೆಯವರು ಅದನ್ನು ಜೋಡಿಸಿ, ಹೊಸ ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಹೊಯ್ದು, ಪ್ರತಿಸಲವೂ ಕಡ್ಡಿ ಎಳೆದು ನೋಡಿದರು. ಹೆಚ್ಚಾದರೂ ನೊರೆಯೆದ್ದು ಕೆಡುತ್ತದೆ. ಮೇಷ್ಟ್ರು ಮುಂದೆ, ನಾನು ಹಿಂದೆ ಕುಳಿತು, ಕೆರೆಯ ಏರಿಯ ಪಕ್ಕದ ದಿಣ್ಣೆಗೆ ಹೊರಟೆವು. ಅರ್ಧ ಏರಿನಲ್ಲಿ ಮೇಷ್ಟ್ರು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಗೇರು ಬದಲಾದದ್ದು ಗೊತ್ತೇ ಆಗಲಿಲ್ಲ; ನಾವು ದಿಣ್ಣೆಯ ಮೇಲಿದ್ದೆವು.